ನನ್ನ ದವಡೆ ಬೆಳಗಿದ ಸ್ಕ್ಯಾನು

ಸೂಚನೆ ಪಾಲಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದೇ ನಂಬಿದ್ದೆ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್ ನಾನು. ಹೆಲ್ಮೆಟ್ ಹಾಕದವರಿಗೆ ಉಪದೇಶ ಮಾಡಿಯೇ ಸಂಬಳ ತೆಗೆದುಕೊಳ್ಳುವವನು!

ಅಂಥವನಿಗೆ ಜ್ವರ ಹಿಡಿಯಿತು. ಏನು ಮಾಡಿದರೂ ಬಿಡಲೊಲ್ಲದು. ಹಿಂದೆ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿ, ಅಲ್ಲಿಗೊಂದು ಕೃತಕ ಕೊಳವೆ ಹಾಕಿಸಿಕೊಂಡಿದ್ದೆ. ಅದಕ್ಕೇ ಸೋಂಕು ತಗುಲಿದೆಯೇನೋ ಎಂದು ಬೆಂಗಳೂರಿನ ಡಾಕ್ಟರಿಗೆ ಅನುಮಾನ. ರಕ್ತಪರೀಕ್ಷೆ, ಮಾಮೂಲಿ ಸ್ಕ್ಯಾನು, ಯಾವುದರಲ್ಲೂ ಖಚಿತವಾಗಲಿಲ್ಲ.

"ಒಂದಿಷ್ಟು ವಿಕಿರಣ ಸೇರಿಸಿದ ಸಕ್ಕರೇನ ರಕ್ತಕ್ಕೆ ಕೊಡ್ತೀವಿ. ಸೋಂಕಿರೋ ಜಾಗ ಅದನ್ನ ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತೆ. ಹಿಂದಿನ ದಿನ ಮೈ ದಣಿಸಬೇಡಿ, ಬೆಳಿಗ್ಗೆ ಏನೂ ತಿನ್ನಬೇಡಿ. ತಡವಾದ್ರೆ ರಕ್ತನಾಳ ಒಡೆಯಬಹುದು," ಎಂದರು ಡಾಕ್ಟರು.

ನನ್ನ ಜೀವ ಬಾಯಿಗೆ ಬಂತು.

ಮನೆಯಲ್ಲಿ ರೇಷ್ಮೆ ಹುಳುಗಳು ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿದ್ದವು. ಸೊಪ್ಪು ಹಾಕಿದಷ್ಟೂ ಸಾಲದು. ಹೆಂಡತಿ ಜಯಮ್ಮ ಒಬ್ಬಳೇ ಒದ್ದಾಡುತ್ತಿದ್ದಳು. ಸ್ಕ್ಯಾನಿನ ಹಿಂದಿನ ದಿನ ಸುಮ್ಮನೆ ಕೂತರೆ ನನಗೆ ಆ ಕೊಳವೆಯದೇ ಯೋಚನೆ. ಕುಡುಗೋಲು ಹಿಡಿದು ಹೊರಟೆ.

"ಡಾಕ್ಟ್ರು ಸುಮ್ಕಿರಿ ಅಂದವ್ರಲ್ವೇನ್ರೀ?"

"ಸೊಪ್ಪು ಕುಯ್ಯೋದೂ ಒಂದು ದಣಿವೇನೇ? ಒಸಿ ಮನಸ್ಸಿಗೆ ಸಮಾಧಾನ ಕಣೇ!"

ಒಂದು ಹೊರೆ ಎಂದು ಹೋದವನು ಸಂಜೆವರೆಗೂ ಕೊಯ್ದೆ.

ಬೆಳಿಗ್ಗೆ ಕಟ್ಟುನಿಟ್ಟಾಗಿ ಉಪವಾಸ. ಆದರೆ ಭಯಕ್ಕೆ ಬಾಯಿ ಒಣಗುತ್ತಿತ್ತು. ಎಲೆ ಅಡಿಕೆ ತಿಂಡಿಯಲ್ಲವಲ್ಲ, ರಸ ಉಗಿದುಬಿಟ್ಟರಾಯಿತು ಎಂದು ತೀರ್ಮಾನಿಸಿದೆ. ಸಾತನೂರಿನಲ್ಲಿ ಹೊರಟೇಬಿಟ್ಟಿದ್ದ ಬಸ್ಸನ್ನು ಓಡಿ ಹಿಡಿದೆ. ಅಲ್ಲಿಂದ ಬೆಂಗಳೂರಿನವರೆಗೂ ಅಗಿದೆ, ಉಗಿದೆ, ಮತ್ತೆ ಅಗಿದೆ.

ಸ್ಕ್ಯಾನ್ ಮುಗಿಯಿತು. ಡಾಕ್ಟರು ಪರದೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಪರದೆ ನೋಡಿದರು. ನಾನೂ ಇಣುಕಿದೆ. ದವಡೆ, ತೋಳು, ತೊಡೆ, ಎಲ್ಲ ಝಗಮಗ!

"ಇಷ್ಟೊಂದು ಹರಡ್ಬುಟ್ಟೈತಾ ಸಾರ್?" ಎಂದವನು ಅತ್ತೇಬಿಟ್ಟೆ.

"ಸೋಂಕಲ್ಲ ಕಣ್ರೀ, ದುಡಿದ ಸ್ನಾಯುಗಳು! ಸಕ್ಕರೆಯೆಲ್ಲ ಅವೇ ನುಂಗಿವೆ. ಕೊಳವೆ ವಿಷಯ ಏನೂ ಹೇಳೋಕಾಗಲ್ಲ. ನಿನ್ನೆ ಏನ್ ಮಾಡಿದ್ರಿ?"

ಹೇಳಿದೆ. ಎಲೆ ಅಡಿಕೆಯನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು.

ಮತ್ತೆ ಮಾಡಿಸಬೇಕಾಯಿತು. ಅಲ್ಲಿಯವರೆಗೆ, ಹೊಟ್ಟೆಯಲ್ಲಿ ಗಾಳಿ ಗುಡುಗುಡು ಎಂದರೂ ರಕ್ತನಾಳ ಒಡೆಯಿತೆಂದೇ ಬೆವೆತೆ.

ಈ ಸಲ ಗೂಡು ಬಿಡಿಸಿ ಮುಗಿದಿತ್ತು. ಜಯಮ್ಮ ಹಿಂದಿನ ದಿನವೆಲ್ಲ ನನ್ನನ್ನು ಜಗಲಿಯ ಮೇಲೆ ಕೂರಿಸಿ ಕಾದಳು. ಎದ್ದರೆ ಸಾಕು, "ಎಲ್ಲಿಗೆ?" ಆಸ್ಪತ್ರೆಗೂ ಜೊತೆಗೇ ಬಂದಳು.

ಚಿತ್ರದಲ್ಲಿ ದವಡೆ ಶಾಂತ, ತೋಳು ಶಾಂತ. ಕೊಳವೆಯ ಒಂದು ತುದಿಯಲ್ಲಿ ಮಾತ್ರ ಹೊಳಪು.

"ಸಿಕ್ತು! ಸದ್ಯ, ಕೈ ಮೀರಿಲ್ಲ. ಔಷಧಿ ಶುರು ಮಾಡೋಣ," ಎಂದರು ಡಾಕ್ಟರು. ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಂದಿನಿಂದ ಯಾವ ಮಾತ್ರೆ, ಯಾವ ಊಟ, ಎಷ್ಟು ನಡಿಗೆ, ಎಲ್ಲವನ್ನೂ ಡಾಕ್ಟರು ಜಯಮ್ಮನಿಗೇ ಹೇಳುತ್ತಾರೆ. ಮಧ್ಯೆ ನಾನು ಬಾಯಿ ಹಾಕಿದರೆ, "ನೀವು ಸ್ವಲ್ಪ ಹೊರಗೆ ಕೂತಿರಿ," ಎನ್ನುತ್ತಾರೆ.

ರೋಗಿ ನಾನೇ ಸ್ವಾಮಿ!