ಹನ್ನೊಂದು ನಿಮಿಷದ ವಂಶಾವಳಿ

ನನ್ನ ಸೋದರಮಾವನ ಎದುರು ಯಾರೂ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಪರಿಚಿತರಾಗಿ ಉಳಿಯಲಾರರು. ಇದು ಹೊಗಳಿಕೆಯಲ್ಲ, ಎಚ್ಚರಿಕೆ! ನೀವು ತೇನಿಯಲ್ಲಿ ಕಂಬಂ ಬಸ್ಸು ಹತ್ತಿ ಕೂತಿದ್ದೀರಿ ಅನ್ನಿ. ಪಕ್ಕದಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಮೊಣಕಾಲ ಮೇಲೊಂದು ಹಳದಿ ಕೈಚೀಲ ಇಟ್ಟುಕೊಂಡ ಎಪ್ಪತ್ತರ ಮನುಷ್ಯ ಕಂಡರೆ ದಯವಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿಬಿಡಿ. ಇಲ್ಲವಾದರೆ ಶುರುವಾಯಿತು: ಯಾವ ಊರು? ಯಾರ ಮನೆ? ನಿಮ್ಮಜ್ಜ ಎಲ್ಲಿಂದ ಹೆಣ್ಣು ತಂದ? ಆ ಅಜ್ಜಿಗೆ ಅಣ್ಣತಮ್ಮಂದಿರು ಎಷ್ಟು? ನಾಲ್ಕೇ ಪ್ರಶ್ನೆ. ಚಿನ್ನಮನೂರು ದಾಟುವುದರೊಳಗೆ ನೀವು ಅವರಿಗೆ ಮೊಮ್ಮಗನೋ ಭಾವಮೈದುನನೋ ಆಗಿರುತ್ತೀರಿ!

ಒಮ್ಮೆ ಹೀಗೆಯೇ ಬಸ್ಸಿನ ಕಂಡಕ್ಟರನನ್ನು ಹಿಡಿದರು. ಪಾಪ, ಆ ಹುಡುಗ ಮೂರನೇ ಸೀಟಿನಲ್ಲಿ ಕೂತಿದ್ದ ಒಂದು ಹುಡುಗಿಯ ಕಡೆ ಆಗಾಗ ನೋಡಿ ನಗುತ್ತಿದ್ದ. ಮಾಮ ಅವನನ್ನೂ ವಿಚಾರಿಸಿದರು, ಅವಳನ್ನೂ ವಿಚಾರಿಸಿದರು. ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಘೋಷಿಸಿದರು: "ಅಪ್ಪಾ, ನೀವಿಬ್ರೂ ಒಂದೇ ಕುಲ. ಅವಳು ನಿನಗೆ ತಂಗಿ ಆಗ್ಬೇಕು!" ಉತ್ತಮಪಾಳೆಯ ಬರುವವರೆಗೂ ಕಂಡಕ್ಟರನ ಬಾಯಿಂದ ಸೀಟಿ ಹೊರಡಲಿಲ್ಲ.

ಹೊರಗಿನವರಿಗೆ ಇದು ತಮಾಷೆ. ನಮಗಲ್ಲ. ಯಾವ ಕಾಲದಲ್ಲೋ ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದು ನೆಲೆನಿಂತ ಕನ್ನಡದ ಒಕ್ಕಲು ಮನೆಗಳು ನಾವು. ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. ಇರುವ ಮನೆಗಳು ಅಷ್ಟೇ. ಅವುಗಳಲ್ಲೇ ಹೆಣ್ಣು ಕೊಟ್ಟು ತರಬೇಕು. ಒಂದೇ ಕುಲದವರಾದರೆ ಅಣ್ಣತಂಗಿ, ಮದುವೆ ಕೂಡದು. ಯಾರು ನೆಂಟರು, ಯಾರು ದಾಯಾದಿಗಳು ಎಂಬುದಕ್ಕೆ ಕಣಿವೆಯಲ್ಲೆಲ್ಲ ಮಾಮನ ಮಾತೇ ಕೊನೆ. ಗೂಡಲೂರಿಗೆ ಹೋಗುವ ದಾರಿಯಲ್ಲಿ ಅವರ ದ್ರಾಕ್ಷಿ ತೋಟವಿದೆ. ಬಳ್ಳಿಗಳಿಗಿಂತ ಹೆಚ್ಚಾಗಿ ಈ ಮನುಷ್ಯರ ಬಳ್ಳಿಗಳನ್ನೇ ಅವರು ಹಬ್ಬಿಸಿದ್ದು.

ಮೊದಲು ಅದೆಲ್ಲ ದಪ್ಪ ನೋಟುಬುಕ್ಕುಗಳಲ್ಲಿತ್ತು. ಗೆದ್ದಲು ಬಂದು ಮೂರು ತಲೆಮಾರುಗಳನ್ನು ತಿಂದುಹಾಕಿದ ಮೇಲೆ ಮಾಮ ಕಂಪ್ಯೂಟರ್ ತರಿಸಿದರು. ಈರುಳ್ಳಿ ಮೂಟೆಗಳ ಪಕ್ಕದ ಕೋಣೆಯಲ್ಲಿ ಅದನ್ನು ಪ್ರತಿಷ್ಠಾಪಿಸಿ, ಬಲಗೈಯ ತೋರುಬೆರಳೊಂದರಿಂದಲೇ ಏಳು ವರ್ಷ ಕುಟ್ಟಿದರು. ಮಾತು ಕನ್ನಡ, ಅಕ್ಷರ ತಮಿಳು. ಆ ಕಡತವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ನೀವು ಕೇಳಬೇಕು, ಅವರು ಬಾಗಿಲು ಹಾಕಿಕೊಂಡು ನೋಡಬೇಕು, ಹೊರಗೆ ಬಂದು ಹೇಳಬೇಕು. ಪದ್ಧತಿ!

ಇನ್ನೊಂದು ಪದ್ಧತಿಯೂ ಇತ್ತು, ಅದೇ ಮುಳುವಾಯಿತು. ನಮ್ಮಲ್ಲಿ ಮನೆಗೆ ಬಂದವರು ತಂದದ್ದನ್ನು ಬೇಡ ಅನ್ನುವಂತಿಲ್ಲ. ಬಾಳೆಹಣ್ಣಾದರೂ ಸರಿ, ವೀಳ್ಯದೆಲೆಯಾದರೂ ಸರಿ, ತೆಗೆದುಕೊಂಡು ಅವರ ಮುಂದೆಯೇ ಬಿಚ್ಚಬೇಕು. ಈಗಿನ ನೆಂಟರು ಮಕ್ಕಳ ಜಾತಕ, ಫೋಟೋ ಎಲ್ಲವನ್ನೂ ಪೆನ್ ಡ್ರೈವಿನಲ್ಲಿ ತರುತ್ತಾರೆ. ಮಾಮ ಅದನ್ನೂ ಅತಿಥಿಯ ಮುಂದೆಯೇ ಕಂಪ್ಯೂಟರಿಗೆ ಸಿಕ್ಕಿಸಿ, ನೋಡಿ, ತಲೆದೂಗಿ, ಕಾಫಿ ಕೊಟ್ಟು ಕಳಿಸುತ್ತಿದ್ದರು. ಆಂಟಿವೈರಸ್ ಎಂಬುದು ಮಧ್ಯದಲ್ಲಿ ಕೆಂಪು ಅಕ್ಷರದಲ್ಲಿ ಏನೋ ಕೂಗಿಕೊಳ್ಳುತ್ತಿತ್ತಂತೆ. "ನೆಂಟ್ರು ಕೂತಿರುವಾಗ ಏನು ಗಲಾಟೆ!" ಎಂದು ಅದನ್ನೇ ತೆಗೆದುಹಾಕಿಸಿದ್ದರು.

ಹೀಗಿರುವಾಗ ನನ್ನ ತಮ್ಮನ ಮಗಳು ದೇವಿಗೆ ಒಂದು ಸಂಬಂಧ ಕೂಡಿಬಂತು. ಗೂಡಲೂರಿನ ಹುಡುಗ. ದಿಂಡಿಗಲ್ಲಿನ ಕಾಲೇಜಿನಲ್ಲಿ ಇಬ್ಬರೂ ಒಟ್ಟಿಗೆ ಓದಿದವರು. ಮನಸ್ಸುಗಳು ಆಗಲೇ ಒಪ್ಪಿಕೊಂಡಿದ್ದವು, ಹಿರಿಯರು ಒಪ್ಪಬೇಕಿತ್ತು ಅಷ್ಟೆ. ಶುಕ್ರವಾರ ಹೂ ಮುಡಿಸುವುದೆಂದು ನಿಶ್ಚಯವಾಯಿತು. ಆಗ ಯಾರೋ ಒಂದು ಕಲ್ಲು ಹಾಕಿದರು. ಹುಡುಗನ ಮುತ್ತಜ್ಜ ತಿಮ್ಮಯ್ಯ ಗೂಡಲೂರಿನವನೇ ಅಲ್ಲ, ಕೊಂಬೈಯಿಂದ ಮನೆಯಳಿಯನಾಗಿ ಹೋದವನು ಎಂದು. ಕೊಂಬೈಯಲ್ಲಿ ನಮ್ಮವರ ಮನೆತನ ಎರಡು, ಮೇಲ್ಮನೆ ಮತ್ತು ಕೆಳಮನೆ. ನಾವು ಮೇಲ್ಮನೆಯವರು. ತಿಮ್ಮಯ್ಯ ಕೆಳಮನೆಯವನಾದರೆ ಸರಿ. ಮೇಲ್ಮನೆಯವನಾದರೆ ಆ ಹುಡುಗ ದೇವಿಗೆ ಅಣ್ಣ!

ಮಾಮ ಕಡತ ತೆರೆಯಲು ಹೋದರು. ಕಂಪ್ಯೂಟರ್ ಎದ್ದಿತು, ಸ್ವಲ್ಪ ಹೊತ್ತು ಸರಿಯಾಗಿಯೇ ನಡೆಯಿತು, ಆಮೇಲೆ ಫೋಟೋಕ್ಕೆ ನಿಂತ ಮದುಮಗನ ಹಾಗೆ ಗಟ್ಟಿಯಾಗಿ ನಿಂತುಬಿಟ್ಟಿತು. ಮೌಸು ಅಲುಗದು, ಕೀಲಿ ಒತ್ತಿದರೆ ಕೇಳದು. ಪ್ಲಗ್ಗು ಕಿತ್ತು ಮತ್ತೆ ಹಾಕಬೇಕು. ಮತ್ತೆ ಅದೇ.

ದಿಂಡಿಗಲ್ಲಿನಲ್ಲಿರುವ ನಾನು ಭಾನುವಾರ ಬೆಳಿಗ್ಗೆಯೇ ಮಾಮನ ಮನೆಗೆ ಬಂದಾಗ ದೇವಿ ಮುಖ ಊದಿಸಿಕೊಂಡಿದ್ದಳು. "ಅತ್ತೇ, ನನ್ ಬದುಕು ಒಂದು ಡಬ್ಬದೊಳಗೆ ಸಿಕ್ಕಾಕ್ಕೊಂಡೈತೆ, ತಾತ ಅದರ ಮುಂದೆ ಗಡಿಯಾರ ಹಿಡ್ಕೊಂಡು ಕೂತವ್ರೆ!"

ನಿಜವಾಗಿಯೂ ಕೂತಿದ್ದರು! ಮಾಮನಿಗೆ ಸಿಟ್ಟಿಲ್ಲ, ಗಾಬರಿಯಿಲ್ಲ, ಬರೀ ಕುತೂಹಲ. ಯಂತ್ರ ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದರು: ಮಿಕ್ಸಿ ಓಡುವಾಗ ಹನ್ನೊಂದು ನಿಮಿಷ. ಮಿಕ್ಸಿ ನಿಂತಾಗ ಹನ್ನೊಂದು ನಿಮಿಷ. ಮೇಜು ಪೂರ್ವಕ್ಕೆ ತಿರುಗಿಸಿದಾಗ ಹನ್ನೊಂದು ನಿಮಿಷ. "ನೋಡು ತಾಯೀ, ಎಂಥಾ ನಿಯತ್ತು!" ಎಂದರು. "ನಮ್ಮೂರ ಬಸ್ಸಿಗೆ ಇಲ್ದಿರೋ ನಿಯತ್ತು ಈ ಕಾಯಿಲೆಗೈತೆ."

ಅವರ ಮೊದಲ ಅನುಮಾನ ಬಿಸಿಲಿನ ಮೇಲೆ. ಹೌದೋ ಅಲ್ಲವೋ ತಿಳಿಯುವುದು ಹೇಗೆ? ನೀವಾದರೆ ಫ್ಯಾನು ಹಾಕುತ್ತೀರಿ. ಮಾಮ ಜೀಪು ಹತ್ತಿದರು! ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಬೋಡಿಮೆಟ್ಟಿನ ಏಲಕ್ಕಿ ತೋಟದಲ್ಲಿರುವ ನಾದಿನಿಯ ಮನೆಗೆ. ಜೊತೆಗೆ ಟೀವಿಯಂಥ ಪರದೆಯನ್ನು ಹಿಡಿದುಕೊಂಡು ನಾನು. ಘಾಟಿಯ ತಿರುವು ತಿರುವಿಗೂ "ಮೆಲ್ಲಗೆ, ಮೆಲ್ಲಗೆ, ಒಳಗೆ ಇಪ್ಪತ್ತು ಊರಿನ ಜನ ಅವ್ರೆ" ಎಂದು ಡ್ರೈವರನಿಗೆ ಹೇಳುತ್ತಿದ್ದರು. ಆತ ಹಿಂದೆ ತಿರುಗಿ ನೋಡಿದ್ದೇ ಎರಡು ಸಲ.

ಮೇಲೆ ಮಂಜು, ಗಾಳಿ, ಹಲ್ಲು ಕಟಕಟ. ನಾದಿನಿ ಬಾಗಿಲು ತೆರೆದವಳೇ ಕೇಳಿದಳು: "ಏನು ಭಾವಾ, ಮಗೂಗೆ ಜ್ವರವಾ?" ವರಾಂಡದಲ್ಲಿ ಜೋಡಿಸಿ ಶುರು ಮಾಡಿದೆವು. ಒಂಬತ್ತು ನಿಮಿಷ. ಹತ್ತು. ಹನ್ನೊಂದಕ್ಕೆ ಸರಿಯಾಗಿ ನಿಂತಿತು. ನನಗೆ ಅಳು ಬರುವುದೊಂದು ಬಾಕಿ. ಮಾಮ ಎದ್ದು ನಿಂತು ಟವೆಲ್ಲು ಕೊಡವಿದರು. "ಬಿಸಿಲದ್ದು ತಪ್ಪಿಲ್ಲ! ಪಾಪ, ಸುಮ್ನೆ ಅನುಮಾನ ಪಟ್ಟೆ."

ಕೆಳಗಿಳಿದು ಕಂಬಂನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಹೆಣ್ಣುಮಗಳ ಅಂಗಡಿಗೆ ಹೋದೆವು. ಆಕೆ ನೋಡಿ ತಮಿಳಿನಲ್ಲಿ ಹೇಳಿದಳು: "ವೈರಸ್ ಐಯಾ. ಪೆನ್ ಡ್ರೈವಿನಿಂದ ಬಂದಿದೆ. ಎಲ್ಲವನ್ನೂ ಅಳಿಸಬೇಕು. ಒಳಗಿರುವುದು ಬೇಕಿದ್ದರೆ ಒಂದು ವಾರ ಬಿಟ್ಟುಹೋಗಿ, ತೆಗೆದುಕೊಡಲು ನೋಡುತ್ತೇನೆ."

ಮಾಮ ಕೇಳಿದ್ದು ಒಂದೇ: "ಯಾರ ಮನೆಯದು?"

"ಏನು ಐಯಾ?"

"ಈ ವೈರಸ್ಸು. ಯಾರ ಮನೆಯಿಂದ ಬಂತು?"

"ಅದು ಹೇಗೆ ಐಯಾ ಗೊತ್ತಾಗುತ್ತೆ?"

ಮಾಮ ಆಕೆಯನ್ನು ಕನಿಕರದಿಂದ ನೋಡಿದರು. ಇಷ್ಟು ಓದಿಯೂ ಮೂಲ ತಿಳಿಯದ ವಿದ್ಯೆಯೇ! ಡಬ್ಬವನ್ನು ಅಂಗಡಿಯಲ್ಲಿ ಬಿಡುವ ಮಾತಂತೂ ದೂರ. "ಅಷ್ಟು ಮನೆ ಹೆಣ್ಮಕ್ಳ ಹೆಸರು ಅದ್ರಾಗವೆ, ಮೇಜಿನ ಮೇಲೆ ಬಿಟ್ಟು ಬರೋದಾ?" ಎಂದು ಕಂಬಳಿ ಸುತ್ತಿ ಹೊರಟೇಬಿಟ್ಟರು.

ಸೋಮವಾರ ಇಡೀ ದಿನ ಫೋನು. ಪೆನ್ ಡ್ರೈವ್ ತಂದಿದ್ದ ಪ್ರತಿ ಮನೆಗೂ ವಿಚಾರಣೆ. ನೇರವಾಗಿ ಕೇಳಿದರೆ ನೆಂಟಸ್ತನ ಕೆಡುತ್ತದಲ್ಲ? ಅದಕ್ಕೆ ಮೊದಲು ಮಳೆ, ಆಮೇಲೆ ಮಕ್ಕಳು, ಆಮೇಲೆ ಮೆಲ್ಲಗೆ, "ನಿಮ್ಮನೆ ಕಂಪ್ಯೂಟರ್ ಚೆನ್ನಾಗೈತಾ?" ಚೆನ್ನಾಗಿರಲಿಲ್ಲ. ಒಂದಲ್ಲ, ಏಳು ಮನೆಗಳಲ್ಲಿ ಮಲಗಿತ್ತು. ಮಾಮ ಹಿಗ್ಗಿ ದೊಡ್ಡ ಹಾಳೆ ಹರಡಿ ವೈರಸ್ಸಿನ ವಂಶಾವಳಿ ಬರೆಯತೊಡಗಿದರು. ಯಾವ ಮನೆಯಲ್ಲಿ ಯಾವ ದಿನ ಕಾಣಿಸಿತು, ಅದಕ್ಕೆ ಮುಂಚೆ ಪೆನ್ ಡ್ರೈವ್ ಎಲ್ಲಿಗೆ ಹೋಗಿತ್ತು, ಗೆರೆ, ಮತ್ತೊಂದು ಗೆರೆ. ಸಂಜೆಯ ಹೊತ್ತಿಗೆ ಗೆರೆಗಳೆಲ್ಲ ಒಂದು ಕಡೆ ಬಂದು ಸೇರಿದವು. ಮಾಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾರು ಮಾಮಾ?"

"ಮೊದ್ಲು ತಂದೋರು ಯಾರೋ, ಆ ಮಾತು ಬಿಡು. ಏಳು ಮನೆಗೆ ಹಂಚ್ದೋನು ನಾನೇ!" ಎಂದರು. ಅರ್ಧ ನಾಚಿಕೆ, ಅರ್ಧ ಹೆಮ್ಮೆ. "ಈ ಕುಲಕ್ಕೆ ಮೂಲಪುರುಷ ನಾನೇ ಕಣವ್ವ!"

ಅಂದಿನಿಂದ ಯಾರು ಪೆನ್ ಡ್ರೈವ್ ತಂದರೂ ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ವೀಳ್ಯದ ತಟ್ಟೆಯಲ್ಲಿಟ್ಟು, ಹೊರಡುವಾಗ ಹಾಗೆಯೇ ಮರಳಿಸುತ್ತಾರೆ.

ಆದರೆ ಶುಕ್ರವಾರ ಹತ್ತಿರ ಬರುತ್ತಿತ್ತು. ಉಳಿದದ್ದು ಒಂದೇ ದಾರಿ. ಪ್ರತಿ ಸಲ ಸಿಗುವ ಹನ್ನೊಂದು ನಿಮಿಷದಲ್ಲಿ ಮಾಮ ಓದಬೇಕು, ನಾನು ಬರೆದುಕೊಳ್ಳಬೇಕು. ನಿಂತಾಗ ಪ್ಲಗ್ಗು ಕಿತ್ತು ಮತ್ತೆ ಶುರು. ಫೋನಿನಲ್ಲಿ ಫೋಟೋ ಹಿಡಿಯುತ್ತೇನೆಂದೆ. "ಆಮೇಲೆ ವಾಟ್ಸಾಪ್‌ನಾಗೆ ಮೆರವಣಿಗೆ ಹೋಗ್ಲಾ?" ಎಂದರು. ನೇರವಾಗಿ ತಿಮ್ಮಯ್ಯನ ಹೆಸರು ಹುಡುಕೋಣ ಎಂದೆ. ಹುಡುಕುವ ಗುಂಡಿ ಒತ್ತಿದ್ದೇ ತಡ, ಹನ್ನೊಂದು ನಿಮಿಷವನ್ನೂ ಕಾಯದೆ ಯಂತ್ರ ಉಸಿರು ಬಿಟ್ಟಿತು. ಹಾಗಾದರೆ ಕೆಳಮನೆಗೇ ಹಾರೋಣ ಎಂದರೆ ಅದೂ ಇಲ್ಲ. "ಕೆಳಮನೆಯಾಗೆ ಒಬ್ಬ ತಿಮ್ಮಯ್ಯ ಸಿಕ್ಕಿದ್ರೆ ಸಾಲ್ದು. ಮೇಲ್ಮನೆಯಾಗೆ ಅಂಥೋನು ಇಲ್ಲ ಅಂತಾನೂ ಕಾಣ್ಬೇಕು. ಒಂದು ಹೆಸರೂ ಬಿಡಂಗಿಲ್ಲ."

ಮಂಗಳವಾರ ಬೆಳಿಗ್ಗೆ ಕೂತೆವು. ನಾನು ಕನ್ನಡದ ಮಾತು ಕಲಿತದ್ದು ಅಜ್ಜಿಯರ ಬಾಯಿಂದ, ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ. ಸಿಕ್ಕಿದ ಅವಕಾಶ ಬಿಡುವುದುಂಟೇ? ಕನ್ನಡ ಅಕ್ಷರದಲ್ಲೇ ಬರೆದೆ. ಮಾಮ ಬಗ್ಗಿ ನೋಡಿದರು. "ಏನಿದು ಜಿಲೇಬಿ ಸುತ್ತಿದ್ದೀ? ಯಾರು ಓದೋರು ಇದನ್ನ?" "ನಾನು ಓದ್ತೀನಿ ಮಾಮಾ." "ಹಂಗಾದ್ರೆ ನೀನು ನೂರು ವರ್ಷ ಇರ್ಬೇಕು, ಹೂಂ!"

ಅವರು ಓದುವ ರೀತಿಯೇ ಬೇರೆ. ಪ್ರತಿ ಹೆಸರಿಗೂ ಒಂದು ಬಾಲ. "ಲಿಂಗಯ್ಯ, ಎಮ್ಮೆ ಕಂಡ್ರೆ ಹೆದ್ರೋನು. ಅವನ ಹೆಂಡ್ತಿ ಗೂಡಲೂರೋಳು, ಎರಡು ಸಲ ಮುನಿಸ್ಕೊಂಡು ಹೋದೋಳು, ಮೂರು ಸಲ ಬಂದೋಳು." "ಅದು ಹೇಗೆ ಮಾಮಾ ಮೂರು ಸಲ?" "ಮದ್ವೆಯಾಗಿ ಬಂದಿದ್ದು ಲೆಕ್ಕ ಇಲ್ವಾ? ಬರಿ, ಬರಿ, ಎಂಟಾಯ್ತು!" ದೇವಿ ಬಾಗಿಲಲ್ಲಿ ನಿಂತು ಗಂಟೆಗೊಮ್ಮೆ ಕೇಳುತ್ತಿದ್ದಳು: "ಸಿಕ್ಕಿದ್ನಾ?" ಸಿಕ್ಕಿರಲಿಲ್ಲ. ಬುಧವಾರವೂ ಸಿಗಲಿಲ್ಲ. ಮೇಲ್ಮನೆಯ ಹಳೆಯ ಕೊಂಬೆಗಳೆಲ್ಲ ಮುಗಿದು ಗುರುವಾರ ಬೆಳಿಗ್ಗೆ ನಮ್ಮ ಮನೆಗೇ ಬಂದೆವು. ನಮ್ಮಪ್ಪನ ಹೆಸರು. ನಮ್ಮವ್ವನ ಹೆಸರು. ಇನ್ನು ನಾನು, ನನ್ನ ತಮ್ಮ. ಕೇಳುವ ಮೊದಲೇ ನನ್ನ ಹೆಸರು ಬರೆಯಲು ಪೆನ್ನು ಊರಿದ್ದೆ.

"ಮೊದಲ ಮಗಳು ರಂಗಮ್ಮ. ಹತ್ತೊಂಬತ್ತು ದಿವಸ," ಎಂದು ಓದಿದರು ಮಾಮ.

ನಾನು ತಲೆ ಎತ್ತಿದೆ. ಐವತ್ತೆರಡು ವರ್ಷದಿಂದ ನಾನೇ ಹಿರಿಮಗಳು.

"ಯಾಕೆ ತಾಯೀ, ನಿಂತ್ಬುಟ್ಟೆ?"

"ಯಾರು ಮಾಮಾ ಇದು?"

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಿನಗಿಂತ ಮೊದ್ಲು ಹುಟ್ಟಿದ್ಲು. ಹೆಸರಿಡೋ ಶಾಸ್ತ್ರ ಆಗಿರ್ಲಿಲ್ಲ. ಅದ್ಕೇ ಯಾರೂ ಲೆಕ್ಕಕ್ಕೆ ಹಿಡೀಲಿಲ್ಲ. ನಿಮ್ಮವ್ವ ಹಾಲು ಕುಡಿಸ್ತಾ ರಂಗಮ್ಮ ಅಂತ ಮೆಲ್ಲಗೆ ಕರೀತಿದ್ಲು. ನಾನು ತೊಟ್ಟಿಲು ತೂಗೋಕೆ ಅಂತ ಅಲ್ಲೇ ಕೂತಿದ್ದೆ, ಕೇಳಿಸ್ತು."

"ಅವ್ವಂಗೆ ಗೊತ್ತಾ, ನೀವು ಬರೆದಿರೋದು?"

"ಕೇಳ್ದೋರಿಗಲ್ವಾ ಹೇಳೋದು? ಅಕ್ಕ ಕೇಳ್ಲಿಲ್ಲ."

"ಹತ್ತೊಂಬತ್ತು ದಿನದ ಮಗೂನೂ ಬರೀಬೇಕಾ ಮಾಮಾ?"

"ಹುಟ್ಟಿದ್ದಾಳಲ್ಲ?" ಎಂದರು. ಅಷ್ಟೇ. "ಬರಿ. ನಾಲ್ಕು ನಿಮಿಷ ಐತೆ."

ಬರೆದೆ. ಅದರ ಕೆಳಗೆ ನನ್ನ ಹೆಸರು ಬರೆದೆ, ಎರಡನೇ ಮಗಳು ಎಂದು.

ಮಧ್ಯಾಹ್ನದ ಊಟದ ಹೊತ್ತಿಗೆ ತಿಮ್ಮಯ್ಯ ಸಿಕ್ಕಿದ. ಕೆಳಮನೆಯ ನಾಲ್ಕನೇ ಮಗ, ಗೂಡಲೂರಿಗೆ ಮನೆಯಳಿಯನಾಗಿ ಹೋದವನು, ಮಾವನ ಮನೆಯ ಅಡುಗೆ ಹಿಡಿಸಿ ಹಿಂದಿರುಗದವನು. ಮೇಲ್ಮನೆಯಲ್ಲಿ ಆ ಹೆಸರೇ ಇರಲಿಲ್ಲ. ದೇವಿ ಮಾಮನ ಕೆನ್ನೆಗೆ ಮುತ್ತು ಕೊಟ್ಟು ಓಡಿದಳು. ಮಾಮ ಕೆನ್ನೆ ಒರೆಸಿಕೊಂಡು, "ಹತ್ತು ನಿಮಿಷಕ್ಕೇ ಸಿಕ್ಕಿದ, ಒಂದು ಮಿಕ್ಕಿತ್ತು," ಎಂದು ಗಡಿಯಾರ ನೋಡಿಕೊಂಡರು.

ಶುಕ್ರವಾರ ನಮ್ಮ ಹಜಾರದಲ್ಲಿ ಹೂ ಮುಡಿಸುವ ಶಾಸ್ತ್ರ. ನಮ್ಮಲ್ಲಿ ಹುಡುಗಿಯ ಮೇಲೆ ಮೊದಲ ಹಕ್ಕು ಅವಳ ಸೋದರತ್ತೆಯದು. ಗಂಡಿನ ಕಡೆಯವರು ಮುಡಿಸುವ ಮೊದಲು ಅತ್ತೆ ಒಂದು ಮೊಳ ಮಲ್ಲಿಗೆ ಮುಡಿಸಿ, "ನಾನು ಬಿಟ್ಟುಕೊಟ್ಟೆ" ಎನ್ನಬೇಕು. ನಾನು ಮುಡಿಸಿ ಹೇಳಿದೆ. ಹುಡುಗನ ತಾಯಿ ತಟ್ಟೆ ಹಿಡಿದು ಎದ್ದರು.

"ಇರಿ," ಎಂದರು ಮಾಮ. "ಹುಡುಗಿಗೆ ಅತ್ತೇರು ಇಬ್ಬರು. ಇನ್ನೊಬ್ಬಳದು ಬಾಕಿ ಐತೆ."

ಹಜಾರದಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ತಮ್ಮ ನಕ್ಕ. "ಏನ್ ಮಾಮಾ, ಇರೋದು ಒಬ್ಳೇ ಅಕ್ಕ ಅಲ್ವಾ?"

"ಮೊದಲ ಮಗಳು ರಂಗಮ್ಮ," ಎಂದರು ಮಾಮ. "ಅವಳು ಬಿಟ್ಟುಕೊಡದೆ ಹೆಂಗೆ ಮುಡಿಸ್ತಾರೆ?"

ಗೋಡೆಗೊರಗಿ ಕೂತಿದ್ದ ನಮ್ಮವ್ವ ಮಾಮನನ್ನೇ ನೋಡಿದಳು. ಆ ಹೆಸರು ಇನ್ನೊಬ್ಬರ ಬಾಯಲ್ಲಿ ಬರುವುದನ್ನು ಅವಳು ಎಂದೂ ಕೇಳಿರಲಿಲ್ಲ. ಆಮೇಲೆ ಗೋಡೆ ಹಿಡಿದು ಎದ್ದು, ಬುಟ್ಟಿಯಿಂದ ಹೂವಿನ ಉಂಡೆ ತೆಗೆದು, ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ ಅಳೆದಳು. ಕತ್ತರಿಸಲು ಹೋದ ನನ್ನ ಕೈ ತಡೆದು, ಇನ್ನೊಂದು ಗೇಣು ಬಿಚ್ಚಿದಳು.

"ದೊಡ್ಡೋಳದ್ದು," ಎಂದಳು, "ಸ್ವಲ್ಪ ಉದ್ದ ಇರ್ಲಿ."