ಅಂಗಡಿಯಲ್ಲೊಂದು ಸಂಸಾರ

ಕೊನೆಯ ದಿನವೂ ನನ್ನ ಯಜಮಾನರು ಮನೆಯಲ್ಲಿ ಆಡಿದ್ದು ಮೂರೇ ಮಾತು: 'ಉಪ್ಪು', 'ಸಾಕು', 'ಬರ್ತೀನಿ'. ಮೂರನೆಯದನ್ನು ಅವರು ಉಳಿಸಿಕೊಳ್ಳಲಿಲ್ಲ. ಕಲ್ಲೂರಿನ ತಮ್ಮ ಹೊಲಿಗೆ ಅಂಗಡಿಗೆ ಹೋದವರು ಮಧ್ಯಾಹ್ನ ಮಿಷನ್ನಿನ ಮೇಲೆಯೇ ತಲೆಯಿಟ್ಟರಂತೆ. ಅವರ ಮೌನದ ಬಗ್ಗೆ ನನಗೆ ದೂರಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಊರಿನವರ ಪಾಲಿಗೆ ಮಾತ್ರ ಮೂಗಿ ನಾನೇ. ಗುಂಡ್ಲುಪೇಟೆಯಿಂದ ಮದುವೆಯಾಗಿ ಗಡಿ ದಾಟಿ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಮಲಯಾಳಂ ಹೊಸ ಸೊಸೆಯ ಹಾಗೆ ಬಾಗಿಲ ಹಿಂದೆಯೇ ನಿಂತಿದೆ. ಹೊರಗೆ ಆಡದೆ ಉಳಿದದ್ದನ್ನೆಲ್ಲ ಊಟದ ಹೊತ್ತಿಗೆ ಇವರ ಮುಂದೆ ಸುರಿಯುತ್ತಿದ್ದೆ. ಇವರು ಅನ್ನವನ್ನಷ್ಟೇ ನೋಡುತ್ತಿದ್ದರು.

ಹನ್ನೊಂದನೆಯ ದಿನ, ಅಂಗಡಿಯ ಪಕ್ಕದಲ್ಲಿ ಚಹಾ ಮಾರುವ ಲೀಲಾ ಚೇಚಿ ಬಂದು ಕೂತರು. ತವರಿನಿಂದ ಬಂದಿದ್ದ ನನ್ನ ತಂಗಿಗೆ ತಿಳಿಯಲೆಂದು ಕಷ್ಟಪಟ್ಟು ಕನ್ನಡದಲ್ಲೇ ಹೇಳಿದರು: "ನಿಮ್ಮ ಭಾವ ಪಾವ, ತುಂಬಾ ಸಾಧು. ಅಂಗಡೀಲಿ ಅವರಿಗೆ ಎಷ್ಟು ಸಂಸಾರ. ಬೆಳಿಗ್ಗೆ ತುಡಂಗಿದ್ರೆ ಸಂಜೆವರೆಗೂ ಸಂಸಾರ."

ತಂಗಿ ನನ್ನನ್ನು ಅಡುಗೆಮನೆಗೆ ಎಳೆದಳು. "ಅಕ್ಕಾ, ಭಾವನಿಗೆ ಅಲ್ಲೂ ಒಂದು ಸಂಸಾರ ಇತ್ತಾ? ಎಷ್ಟು ಮಕ್ಳು?"

ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕೆ. "ಮಲಯಾಳಂನಲ್ಲಿ ಸಂಸಾರ ಅಂದ್ರೆ ಮಾತುಕತೆ ಕಣೇ." ನಗು ಮುಗಿಯುವಷ್ಟರಲ್ಲಿ ಹೊಟ್ಟೆಕಿಚ್ಚು ಶುರುವಾಯಿತು. ಇದಕ್ಕಿಂತ ಮಕ್ಕಳಿದ್ದಿದ್ದರೇ ವಾಸಿಯಿತ್ತೇನೋ. ಊರಿಗೆಲ್ಲ ಮಾತು ಹಂಚಿದ ಮನುಷ್ಯ ನನಗೆ 'ಉಪ್ಪು' ಕೊಟ್ಟು ಹೋದರೇ?

ಹೊರಗೆ ಬಂದು ಚೇಚಿಯನ್ನು ಕೇಳಿಯೇಬಿಟ್ಟೆ, ಅಷ್ಟೊಂದು ಏನು ಮಾತಾಡುತ್ತಿದ್ದರು ಎಂದು.

"ಅದೆಲ್ಲ ನೀನು ಹೇಳಿದ್ದಲ್ವಾ ಮೋಳೆ, ಮಗಳೇ? ಅಂಗಳಕ್ಕೆ ಬಂದ ಆನೆಗೆ 'ಯಜಮಾನ್ರು ಮನೇಲಿಲ್ಲ, ನಾಳೆ ಬಾ' ಅಂದದ್ದು. ಕುಕ್ಕರ್ ಕೂಗು ಎಣಿಸ್ತಾ ಜಪದ ಲೆಕ್ಕ ತಪ್ಪಿದ್ದು. ನಾವು ನಕ್ಕು ನಕ್ಕು ಚಹಾ ಉಕ್ಕಿ ಹೋಗ್ತಿತ್ತು. 'ಮತ್ತೆ ಏನಾಯ್ತು' ಅಂದ್ರೆ, 'ಮನೆಗೆ ಹೋಗಿ ಕೇಳ್ಬೇಕು' ಅನ್ನೋರು. 'ಅಲ್ಲಿ ನಾನು ಬಾಯಿ ತೆಗೆದ್ರೆ ಅವಳು ನಿಲ್ಲಿಸಿಬಿಡ್ತಾಳೆ' ಅಂತ."

ಅಂದರೆ ಅನ್ನ ನೋಡುತ್ತಿದ್ದವರು ಅಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದರು. ನನ್ನ ಮಾತಿನ ಅಳತೆ ಸರಿಮಾಡಿ, ಗುಂಡಿ ಹಾಕಿ, ಮಲಯಾಳಂನಲ್ಲಿ ಹೊಲಿದು ಕೊಡುತ್ತಿದ್ದರು. ನಾನು ತಲೆ ತಗ್ಗಿಸಿ ನಡೆದ ಆ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ನಾನೇ. ಹೆಮ್ಮೆಯಿಂದ ಚೇಚಿಗೆ ಎರಡನೇ ಸಲ ಪಾಯಸ ಬಡಿಸಿದೆ.

ಮೊನ್ನೆ ಮುತ್ತಂಗದ ಬಸ್ಸಿನಲ್ಲಿ ಕಂಡಕ್ಟರ್ ಅಜ್ಜಿಯೊಬ್ಬಳ ಕೋಳಿಗೂ ಟಿಕೆಟ್ ಕೇಳಿದ. ಅಜ್ಜಿ ಹಾಗಾದರೆ ಅದಕ್ಕೂ ಸೀಟು ಕೊಡು ಎಂದಳು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಮನೆಗೆ ಬಂದೆ. ಕೇಳುವವರು ಇರಲಿಲ್ಲ.