ಬೀಗಿತ್ತಿಯೂ ಪವರ್ ಸ್ಟಿಯರಿಂಗೂ

ಚೆಂಬೂರಿನ ಹಿರಿಯಣ್ಣನವರಿಗೆ ‘ರಿಪೇರಿ’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅಂಗಿಯ ತೋಳು ತಾನಾಗಿಯೇ ಮೇಲೇರುತ್ತಿತ್ತು. ಮನೆಯ ಮಿಕ್ಸರ್, ಫ್ಯಾನು, ಗೀಸರ್ ಯಾವುದೂ ಅವರ ಕೈಯಿಂದ ಪಾರಾಗಿರಲಿಲ್ಲ. ಕೆಲವು ಬದುಕಿ ಉಳಿದದ್ದೂ ಉಂಟು!

ಮಗಳು ರಂಜನಿ ಮೆಚ್ಚಿದ ಹುಡುಗ ಅಮೋಲ್. ಬೊರಿವಲಿಯಾಚೆ ಸಮುದ್ರದ ನೀರು ಒಳನುಗ್ಗುವ ಖಾಡಿಯಲ್ಲಿ ಪ್ರವಾಸಿಗರನ್ನು ಸುತ್ತಿಸಲು ಮೋಟಾರು ದೋಣಿ ಇಟ್ಟುಕೊಂಡವನು. ಅವನ ತಾಯಿ ಇನ್ನೂ ಮದುವೆಗೆ ಹೂಂ ಅಂದಿರಲಿಲ್ಲ. ಭಾನುವಾರ ಎರಡೂ ಮನೆಯವರು ದೋಣಿಯಲ್ಲಿ ಸುತ್ತಾಡುವುದು, ಆಮೇಲೆ ಆ ತಾಯಿ ತೀರ್ಮಾನ ಹೇಳುವುದು ಎಂದಾಗಿತ್ತು. ಅಷ್ಟರಲ್ಲಿ ಅಮೋಲನ ಫೋನು ಬಂತು.

“ಅಂಕಲ್, ಬೋಟಿನ ಪವರ್ ಸ್ಟಿಯರಿಂಗ್ ಏಕ್‌ದಮ್ ಟೈಟ್ ಆಗಿದೆ. ಮೆಕ್ಯಾನಿಕ್ ಸೋಮವಾರ ಬರ್ತಾನಂತೆ. ಪ್ರೋಗ್ರಾಂ ಕ್ಯಾನ್ಸಲ್ ಮಾಡೋಣ ಕ್ಯಾ?”

“ಮೆಕ್ಯಾನಿಕ್ಕಾ? ನಾನು ಸತ್ತಿದೀನಾ!” ಎಂದು ಹಿರಿಯಣ್ಣ ಗುಡುಗಿದರು. “ಸ್ಟಿಯರಿಂಗ್ ಅಂದ್ರೆ ಸ್ಟಿಯರಿಂಗೇ ಕಣಯ್ಯ. ಕಾರಿಗೆ ರಸ್ತೆ, ದೋಣಿಗೆ ನೀರು, ಅಷ್ಟೇ ವ್ಯತ್ಯಾಸ!”

ಹೆಂಡತಿ ಸುಮಿತ್ರಾ ಅಡುಗೆಮನೆಯಿಂದಲೇ ಕೇಳಿದರು: “ರಸ್ತೇಲಿ ಕೆಟ್ರೆ ಇಳಿದು ನಡ್ಕೊಂಡು ಬರ್ಬಹುದು ರೀ. ನೀರಲ್ಲಿ ಕೆಟ್ರೆ?”

“ಅಪಶಕುನ ನುಡೀಬೇಡ!”

ಶನಿವಾರ ದಂಪತಿಗಳು ದೋಣಿ ಕಟ್ಟುವ ಜೆಟ್ಟಿಗೆ ಬಂದರು. ಹಿರಿಯಣ್ಣ ಚಕ್ರ ತಿರುಗಿಸಿ ನೋಡಿದರೆ, ಎಮ್ಮೆ ಹೂಂಕರಿಸಿದಂತೆ ಪಂಪು ಹೂಂಕರಿಸಿತೇ ವಿನಾ ಚಕ್ರ ಅಲುಗಲಿಲ್ಲ. ಮುಚ್ಚಳ ಬಿಚ್ಚಿದರು. ಎಣ್ಣೆಯ ಡಬ್ಬ ಒಣಗಿತ್ತು! ಚುಕ್ಕಾಣಿಯನ್ನು ಎಡಬಲಕ್ಕೆ ತಳ್ಳಲು ಹಿಂಭಾಗಕ್ಕೆ ಹೋಗುವ ಎರಡು ಪೈಪುಗಳಲ್ಲಿ ಒಂದು ಸೀಳಿ ಎಣ್ಣೆಯೆಲ್ಲ ಸೋರಿಹೋಗಿತ್ತು. ರೋಗ ಪತ್ತೆಹಚ್ಚಿದ್ದು ಸರಿಯಾಗಿಯೇ ಇತ್ತು, ಸುಳ್ಳು ಹೇಳಬಾರದು. ಎರಡೂ ಪೈಪು ಕಿತ್ತು ಹೊಸವನ್ನು ಹಾಕಿದರು. ಎಣ್ಣೆ ತುಂಬಿದರು. ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬರುವ ತನಕ ಚಕ್ರವನ್ನು ಅತ್ತಿತ್ತ ಆಡಿಸಿದರು. ಕೊನೆಗೆ ಕಿರುಬೆರಳೊಂದರಿಂದ ಚಕ್ರವನ್ನು ಗಿರ್ರನೆ ತಿರುಗಿಸಿ ಹೆಂಡತಿಯತ್ತ ನೋಡಿದ ನೋಟವಿದೆಯಲ್ಲ, ಗೋವರ್ಧನ ಎತ್ತಿದ ಕೃಷ್ಣನೂ ಅಷ್ಟು ಬೀಗಿರಲಾರ!

“ಒಂದು ಸುತ್ತು ಓಡಿಸಿ ನೋಡಬಾರ್ದಾ?” ಎಂದರು ಸುಮಿತ್ರಾ.

“ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೆಯೆಲ್ಲ ಉಣ್ತಾರೇನೇ? ಒಂದು ಅಗುಳು ಸಾಕು!”

ಭಾನುವಾರ ಅಮೋಲನ ತಾಯಿ ಶಿವಕುಮಾರಿ ಜರಿಯಲ್ಲಿ ನವಿಲು ನೇಯ್ದ ಗರಿಗರಿ ಪೈಠಣಿ ಸೀರೆಯುಟ್ಟು ಬಂದರು. ಬೆಳಗಾವಿಯಲ್ಲಿ ಹುಟ್ಟಿ ಬೆಳೆದ ಹೆಂಗಸು. ಕನ್ನಡ ಗಟ್ಟಿ, ದನಿ ಇನ್ನೂ ಗಟ್ಟಿ. ಹಿರಿಯಣ್ಣ ಅಮೋಲನನ್ನು ಬದಿಗೆ ಸರಿಸಿ ತಾವೇ ಚಕ್ರದ ಮುಂದೆ ವಿರಾಜಮಾನರಾದರು. ದೋಣಿ ಜೆಟ್ಟಿ ಬಿಟ್ಟಿತು. ಖಾಡಿಯ ನಡುವಿಗೆ ಹೋಗಲು ಚಕ್ರವನ್ನು ಬಲಕ್ಕೆ ತಿರುಗಿಸಿದರು. ದೋಣಿ ಎಡಕ್ಕೆ ಹೊರಟಿತು.

ಎಡಕ್ಕೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಪೊದೆ! ಹಿರಿಯಣ್ಣ ಇನ್ನಷ್ಟು ಬಲಕ್ಕೆ ತಿರುಗಿಸಿದರು. ದೋಣಿ ಇನ್ನಷ್ಟು ಎಡಕ್ಕೆ!

“ಅಂಕಲ್, ರೈಟ್! ರೈಟ್!” ಎಂದು ಕೂಗಿದ ಅಮೋಲ್.

“ರೈಟೇ ಕಣಯ್ಯ, ರೈಟೇ!”

ಅಮೋಲ್ ಎಂಜಿನ್ ಆರಿಸುವಷ್ಟರಲ್ಲಿ ದೋಣಿ ಪೊದೆಗೆ ಮೂತಿಯಿಟ್ಟು ಕೆಸರಲ್ಲಿ ಹೂತು ನಿಂತಿತು. ಪಚಕ್ಕನೆ ಹಾರಿದ ಕೆಸರು ಪೈಠಣಿಯ ಜರಿಯ ಮೇಲೆ ಇನ್ನೊಂದು ನವಿಲು ಬಿಡಿಸಿತು. ರಂಜನಿ ಕಣ್ಣು ಮುಚ್ಚಿಕೊಂಡಳು. ಹೋಯಿತು ಸಂಬಂಧ!

“ರೀ,” ಎಂದರು ಸುಮಿತ್ರಾ ಮೆಲ್ಲಗೆ, “ನೀವು ಬಲಕ್ಕೆ ತಿರುಗಿಸಿದ್ರೆ ಅದು ಎಡಕ್ಕೆ ಹೋಗ್ತಿದೆ.”

ಹಿರಿಯಣ್ಣನ ತಲೆಯೊಳಗೆ ದೀಪ ಹೊತ್ತಿತು. ಎಡದ ಪೈಪು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದರು!

ಮಾವ ಅಳಿಯ ಇಬ್ಬರೂ ಮೊಣಕಾಲುದ್ದ ಕೆಸರಿಗಿಳಿದು ದೋಣಿಯನ್ನು ನೂಕಿ ಬಿಡಿಸಿದರು. ಅಮೋಲ್ ಚಕ್ರ ಹಿಡಿದ. ಆದರೆ ಪಳಗಿದ ಕೈ ಕೇಳಬೇಕಲ್ಲ. ಹಳೆಯ ರೂಢಿಯಂತೆಯೇ ತಿರುಗಿಸಿ ಮತ್ತೆ ಪೊದೆಯತ್ತಲೇ ನಡೆಸಿದ!

“ಏಳಪ್ಪಾ ನೀನು,” ಎಂದು ಸುಮಿತ್ರಾ ಸೆರಗು ಸಿಕ್ಕಿಸಿ ಕೂತರು. ಹುಟ್ಟಿದಾಗಿನಿಂದ ಸೈಕಲ್ಲನ್ನೂ ಓಡಿಸದ ಹೆಂಗಸು! ಅಮೋಲ್ ಪಕ್ಕದಲ್ಲಿ ವೇಗ ನೋಡಿಕೊಂಡ. ಎಡಕ್ಕೆ ಹೋಗಬೇಕಾದಲ್ಲಿ ಚಕ್ರ ಬಲಕ್ಕೆ, ಬಲಕ್ಕೆ ಹೋಗಬೇಕಾದಲ್ಲಿ ಎಡಕ್ಕೆ. ದೋಣಿ ಪಳಗಿದ ಹಸುವಿನಂತೆ ಬಂದು ಜೆಟ್ಟಿಗೆ ಒರಗಿತು.

ಶಿವಕುಮಾರಿ ಬಾಯಿ ತೆರೆದು ನೋಡುತ್ತಿದ್ದವರು ಕೇಳಿದರು: “ಅಲ್ರೀ, ಉಲ್ಟಾ ತಿರಗೂ ದೋಣಿ ನಡಸೂದು ಎಲ್ಲಿ ಕಲತ್ರಿ?”

“ಕಲಿಯೋದೇನು ಬಂತು? ಮದುವೆಯಾದಾಗಿಂದ ಇದೇ ಅಭ್ಯಾಸ,” ಎಂದರು ಸುಮಿತ್ರಾ. “ಇವರನ್ನ ಬಲಕ್ಕೆ ಕಳಿಸ್ಬೇಕಾದ್ರೆ ನಾನು ಎಡಕ್ಕೆ ಹೋಗಿ ಅಂತೀನಿ, ಹಟಕ್ಕೆ ಬಲಕ್ಕೇ ಹೋಗ್ತಾರೆ. ಸ್ಟಿಯರಿಂಗ್ ತಮ್ಮ ಕೈಲಿದೆ ಅಂತ ಅವರಿಗೂ ಸಮಾಧಾನ. ಪವರ್ ಮಾತ್ರ ನನ್ನ ಹತ್ರ!”

ಹಿರಿಯಣ್ಣ ಕೆಸರಿನ ಕಾಲು ಮಡಚಿಕೊಂಡು ಮೂಲೆಗೆ ಸರಿದರು. ಶಿವಕುಮಾರಿ ಕೆಸರು ಸೀರೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಸುಮಿತ್ರಾರ ಕೈ ಹಿಡಿದು, ಮಗನತ್ತ ಕಣ್ಣು ಹೊರಳಿಸಿ ಹೇಳಿದರು:

“ಬೀಗಿತ್ತಿ, ಲಗ್ನದ ದಿನಾ ಗೊತ್ತ ಮಾಡ್ರಿ! ನಮ್ಮ ಮನ್ಯಾಗೂ ಇದ ಮಾಡೆಲ್ ಐತ್ರಿ. ಹೊಸ ಪೀಸ್ ನಿಮ್ಮ ಮಗಳಿಗೆ ಕೊಡ್ತೀನಿ, ನಡಸೂದು ನೀವ ಕಲಸ್ರಿ!”